ಸಾಲು

ಮುತಿಸೊ ಲೆಕ್ಕ ಬರೆಯುವುದು ಬ್ರೆಡ್ಡಿನ ಪೊಟ್ಟಣದ ಬೆನ್ನಿಗೆ:
ಬಾಡಿಗೆ, ನೀರು, ಮಟಾಟು ವ್ಯಾನಿನ ಚಾರ್ಜು,
ಮಳೆ ಹನಿದರೆ ಆ ಚಾರ್ಜಿಗೆ ಇನ್ನರ್ಧ.
ನನ್ನ ಲೆಕ್ಕ ಕ್ರೋಶಾ ಕಡ್ಡಿಯದು.
ಹತ್ತಿದಲ್ಲಿಂದ ಇಳಿಯುವತನಕ
ಉಣ್ಣೆಯಲ್ಲಿ ಎಷ್ಟು ಸಾಲು ಬಿತ್ತೋ
ಮನೆ ಅಷ್ಟು ದೂರ.

ಈಗಿನದು ಕರಿಯೊಬಾಂಗಿಯ ಒಂಟಿ ಕೋಣೆ.
ಹಾಸಿಗೆ ಇದ್ದಷ್ಟಾದರೂ ಕಾಲು ಚಾಚೋಣವೆಂದರೆ
ಗೋಡೆ ಒಪ್ಪುವುದಿಲ್ಲ.
ಪರದೆಯಾಚೆ ನ್ದಾನು, ಏಳು ವರ್ಷ,
ನಿದ್ದೆ ನಟಿಸಲು ಕಲಿತಿದ್ದಾಳೆ;
ನಾವು, ಪಿಸುಮಾತಿನಲ್ಲಿ ಜಗಳವಾಡಲು.

ಮೊದಲ ಭಾನುವಾರ ರುಯಿರು. ಹದಿನಾಲ್ಕೇ ಸಾಲು.
ಹೆದ್ದಾರಿ ಬಂದು ನೈರೋಬಿಯ ಹೊಟ್ಟೆಯಲ್ಲೇ ನಿಲ್ಲುತ್ತದೆ.
ನಾಲ್ಕನೇ ಮಹಡಿ; ಕಾಫಿತೋಟವಿದ್ದ ಜಾಗವಂತೆ,
ಈಗ ಕಿಟಕಿಗೆ ಕಿಟಕಿ ಮುಟ್ಟಿ
ಪಕ್ಕದವರ ಟೀವಿಯಲ್ಲೇ ನಮ್ಮ ವಾರ್ತೆ ಮುಗಿಯಿತು.
ಬಾಡಿಗೆ ಕೇಳಿ ಮುತಿಸೊ ಪೆನ್ಸಿಲು ಜೇಬಿಗಿಟ್ಟ.
ನನ್ನ ಸಂಬಳ, ಆಸ್ಪತ್ರೆಯ ದೋಬಿಖಾನೆಯದು,
ಮೆಟ್ಟಿಲು ಹತ್ತುವಷ್ಟರಲ್ಲೇ ಖರ್ಚಾಗಿತ್ತು.

ಎರಡನೆಯದು ರೊಂಗಾಯ್. ಎಣಿಕೆ ತಪ್ಪಿತು:
ವ್ಯಾನಿನೊಳಗೆ ನೀಲಿ ದೀಪ, ಎದೆಗೂಡಿಗೆ ಗುದ್ದುವ ಹಾಡು,
ಕಂಡಕ್ಟರು ಬಾಗಿಲಿಗೆ ಜೋತುಬಿದ್ದ ಬಾವಲಿ.
ಇಪ್ಪತ್ತು ಅಂತಿಟ್ಟುಕೊಳ್ಳಿ.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ,
ಇಲ್ಲಿ ಎನ್‌ಗಾಂಗ್ ಬೆಟ್ಟ ಕೈಗೆಟಕುವಂತಿದೆ, ನುಣ್ಣಗೂ ಇದೆ,
ನಲ್ಲಿಯಲ್ಲಿ ಮಾತ್ರ ಬರೀ ಗಾಳಿ.
ಕತ್ತೆಗಾಡಿ ಬರುತ್ತದೆ, ಹಳದಿ ಕ್ಯಾನು, ಇಪ್ಪತ್ತು ಲೀಟರು.
ದಿನವಿಡೀ ಊರವರ ಬೆಡ್‌ಶೀಟು ಒಗೆಯುವವಳು
ಒಂದು ಕ್ಯಾನಿನಲ್ಲಿ ಮೂವರನ್ನು ತೊಳೆಯಬೇಕು.

ಮೂರನೆಯದು ಕಿಟೆಂಗೇಲ. ಹದಿನೇಳು.
ಎರೆಮಣ್ಣು; ಹೆಜ್ಜೆಗೊಂದು ಚಪ್ಪಲಿ ತಾನೇ ಬೆಳೆಯಿತು.
"ಸಿಂಹವೇ? ಬಂದರೆ ವರ್ಷಕ್ಕೊಮ್ಮೆ, ಅದೂ ಮೇಕೆಗೆ,"
ಎಂದ ದಲ್ಲಾಳಿ ಲೆಮಾಯನ್,
ಅದೇ ಒಂದು ರಿಯಾಯಿತಿ ಎಂಬಂತೆ ನಗುತ್ತ.
ಎರಡು ಕೋಣೆ. ನಡುವೆ ಬಾಗಿಲು.
ನ್ದಾನು ಅದನ್ನು ಹನ್ನೊಂದು ಸಲ ತೆರೆದಳು,
ಹನ್ನೊಂದು ಸಲ ಮುಚ್ಚಿದಳು.
ಬಾಡಿಗೆ ಕೇಳಿ ಮುತಿಸೊ ಇನ್ನೊಮ್ಮೆ ಕೇಳಿದ.

ಆದರೆ ಭಾನುವಾರದ ರಸ್ತೆಯನ್ನು ನಂಬಬಾರದು.
ನೆಂಟರು ಬರುವ ದಿನದ ಮನೆಯ ಹಾಗೆ ಅದು,
ಗುಡಿಸಿಟ್ಟಿರುತ್ತದೆ.
ಗೆಳತಿ ಅಕೋತ್ ಅಲ್ಲೇ ಇದ್ದಾಳೆ; ರಾತ್ರಿ ಉಳಿದೆ.
ಸೋಮವಾರ ನಾಲ್ಕೂಮುಕ್ಕಾಲಿಗೆ ಹತ್ತಿದೆ.
ಒಳಗೆ ಹದಿನಾಲ್ಕು ಜನ, ಹದಿನಾಲ್ಕೂ ನಿದ್ದೆ,
ತಲೆಗಳು ಒಟ್ಟಿಗೆ ವಾಲಿ ಒಟ್ಟಿಗೆ ನೆಟ್ಟಗಾಗುತ್ತಿದ್ದವು.
ಮ್ಲೊಲೊಂಗೊದಲ್ಲಿ ನಿಂತೆವು.
ಸ್ವಾಹಿಲಿಯಲ್ಲಿ ಆ ಹೆಸರಿಗೆ ಸಾಲು ಎಂದೇ ಅರ್ಥ,
ಲಾರಿಗಳ ಸಾಲು; ಊರು ಹೆಸರು ಉಳಿಸಿಕೊಂಡಿದೆ.
ನಾನು ಸಾಲಿನ ಮೇಲೆ ಸಾಲು ಹಾಕುತ್ತಲೇ ಇದ್ದೆ,
ವ್ಯಾನು ಗಾಲಿಯ ಒಂದು ಸುತ್ತು ಉರುಳಲಿಲ್ಲ.
ಪಕ್ಕದ ಮುದುಕಿ ಒಂದೇ ಕಣ್ಣು ತೆರೆದು
ನನ್ನ ಹೆಣಿಗೆ ಮುಟ್ಟಿ ನೋಡಿ ಹೇಳಿದಳು:
"ಇಲ್ಲಿಂದ ಬಿಗಿಯಾಗಿದೆ ಮಗಳೇ.
ಇಲ್ಲಿಗೆ ಬಂದಾಗ ಎಲ್ಲರದ್ದೂ ಬಿಗಿಯಾಗುತ್ತೆ."
ಕಣ್ಣು ಮುಚ್ಚಿದಳು.
ಇಳಿದಾಗ ಮೂವತ್ತೊಂದು.

ಮುತಿಸೊ ಗುಣಿಸಿದ: ವರ್ಷಕ್ಕೆ ಐವತ್ತು ಹಗಲು,
ಅವುಗಳ ರಾತ್ರಿ ಸಹಿತ,
ರಸ್ತೆಗೇ ಬಾಡಿಗೆ ಕಟ್ಟಿದಂತೆ.
ಹೆಣೆದದ್ದನ್ನು ನಾನು ಮಂಚದ ಮೇಲೆ ಹರವಿದೆ:
ಒಂದು ತೋಳು, ಮೊಣಕೈ ದಾಟಿದೆ.
ಸ್ವೆಟರು ಮಾರಿ ಉದ್ಧಾರವಾಗುವ ಕನಸು ನನಗಿಲ್ಲ,
ಉಣ್ಣೆಗೆ ಕಾಸು ಬೇಕು, ಕತ್ತಲಿಗೆ ಕಣ್ಣು.
ಸುಮ್ಮನೆ ತೋರಿಸಿದೆ, ಅಷ್ಟೇ.
ದೂರ ಇಷ್ಟುದ್ದ ಇರುತ್ತದೆ ಅಂತ.

ಅವನು ರುಯಿರು ಎಂದು ಬರೆದು ಹೊಡೆದುಹಾಕಿದ.
ರೊಂಗಾಯ್ ಎಂದು ಬರೆಯಲೇ ಇಲ್ಲ.
ಪರದೆಯಾಚೆ, ಗಾಢ ನಿದ್ದೆಯೊಳಗಿಂದ ಪ್ರಶ್ನೆ ಬಂತು:
"ಆ ಬಾಗಿಲಿಗೆ ಚಿಲಕ ಯಾವ ಕಡೆ ಇತ್ತು?"

ಲೀಟರು, ಶಿಲ್ಲಿಂಗು, ಸಾಲು ಎಲ್ಲ ಎಣಿಸಿ ಬಂದ
ನಾವಿಬ್ಬರೂ ಅದನ್ನು ನೋಡಿರಲಿಲ್ಲ.