ಸುತ್ತೋಲೆ ಓದುವ ದಿನ

ಕೀಲಿ ತೆಗೆದರೆ ಎರಡು ತಿಂಗಳ ಗಾಳಿ ಮುಖಕ್ಕೆ ಬಡಿಯಿತು:
ಇಲಿ ಹಿಕ್ಕಿ, ಹಸಿ ಸುಣ್ಣ, ಯಾರೋ ಮರೆತ ಡಬ್ಬಿಯ ಹಳಸು.
ಬೆಟಗೇರಿಯ ಈ ಓಣಿಯಲ್ಲಿ ಬೆಳಕಿಗಿಂತ ಮೊದಲು
ಮಗ್ಗ ಏಳುತ್ತವೆ, ಖಟ್ ಖಟಾ ಖಟ್.
ನಾನು ಓದಿದರೆ ಅದಕ್ಕಿಂತ ಜೋರಾಗಿ ಓದಬೇಕು,
ಹನ್ನೆರಡು ವರ್ಷದಿಂದ ಹೀಗೇ
ಮನೆಯಲ್ಲೂ ಕೂಗಿಯೇ ಮಾತಾಡುತ್ತೇನಂತೆ.

ಅಡುಗೆಯ ಶಿವಗಂಗವ್ವ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದಳು,
ಕಾಲ ಕೆಳಗೆ ಮೂರೇ ಕಾಲಿನ ಸ್ಟೂಲು.
ಬಿದ್ದೀ ಯವ್ವಾ, ಇವತ್ತ ಸುರಕ್ಷತಾ ದಿನ, ಅಂದೆ.
"ಬಿದ್ರ ಸೂಟಿ ಕೊಡ್ತೀರೇನ್ರೀ ಅಕ್ಕೋರ?"

ಪಾಲಕರು ಬಂದು ಮಕ್ಕಳ ಡೆಸ್ಕಿನಲ್ಲಿ
ಮೊಣಕಾಲು ಮಡಚಿ ತುರುಕಿಕೊಂಡು ಕೂತರು.
ಸುತ್ತೋಲೆಯಲ್ಲಿ ಹದಿನಾಲ್ಕು ಅಂಶ.

ಒಂದು. ಊಟಕ್ಕೆ ಮುನ್ನ ಇಪ್ಪತ್ತು ಸೆಕೆಂಡು
ಹರಿಯುವ ನೀರಿನಲ್ಲಿ ಕೈ ತೊಳೆಯತಕ್ಕದ್ದು.
ಹಿಂದಿನಿಂದ ತುಳಜಾಬಾಯಿ:
"ನಳಾ ಬಂದು ಹನ್ನೊಂದ ದಿನಾ ಆತ್ರಿ. ಹರಿಯೂದ್ಯಾವುದು?"
ಯಾರೂ ನಗಲಿಲ್ಲ.
ನಾನು ಕಾಗದ ಮಡಚಿಟ್ಟು
ಒಂದು ತಂಬಿಗೆಯಲ್ಲಿ ಐದು ಜೊತೆ ಕೈ ತೊಳೆದು ತೋರಿಸಿದೆ.
ಮೊದಲು ಚಿಟಿಕೆ ನೀರು, ಆಮೇಲೆ ಸಾಬೂನು,
ಕೊನೆಗೆ ದಾರದಷ್ಟು ಧಾರೆ, ಕೆಳಗೆ ಬೋಗುಣಿ.
ಬೋಗುಣಿಯದು ಕರಿಬೇವಿಗೆ. ಆ ಗಿಡ
ನೊರೆ ಕುಡಿಕುಡಿದೇ ನನ್ನೆತ್ತರ ಬಂದಿದೆ.

ನಾಲ್ಕು. ನೀರಿನ ಡ್ರಮ್ಮಿಗೆ ಹಳೇ ಸೀರೆ ಬಿಗಿಯಿರಿ,
ಡೆಂಗೆ ಸೊಳ್ಳೆ ಒಳಗೆ ಇಳಿಯಬಾರದು.
"ಇಲಕಲ್ಲ ನೇಯತೇವ್ರಿ, ಉಡೂದು ಸೂರತ್ತಿಂದು.
ಅದು ಸೊಳ್ಳೀನೂ ಬಿಡೂದಿಲ್ಲ, ಗಾಳೀನೂ ಬಿಡೂದಿಲ್ಲ."
ಈಗ ನಕ್ಕರು.

ಫಕೀರಪ್ಪ ನೀಲಗಾರ ನಗಲಿಲ್ಲ.
ಹೋದ ವರ್ಷ ಅವನ ಮಗಳು ಕಸ್ತೂರಿಯ ಕೈಯನ್ನು
ಹೊಲಸೆಂದು ಮೂರು ಸಲ ತೊಳೆಸಿದ್ದೆ.
ನಾಲ್ಕನೇ ಸಲಕ್ಕೆ ಹುಡುಗಿ ಅತ್ತಳು, ಕೈ ಹಾಗೇ ಇತ್ತು.
ಇವತ್ತು ಕರಪತ್ರ ಇಸಗೊಳ್ಳಲು ಅಪ್ಪ ಕೈ ಚಾಚಿದ,
ಮೊಣಕೈವರೆಗೆ ಅದೇ ಕಡುನೀಲಿ.
ಎರಡೂ ಕೈಯಿಂದ ಕೊಟ್ಟೆ.
ತಪ್ಪಾಯ್ತು ಅನ್ನಲು ಸುತ್ತೋಲೆಯಲ್ಲಿ ಜಾಗ ಇರಲಿಲ್ಲ,
ನನ್ನ ಬಾಯಲ್ಲೂ ಇರಲಿಲ್ಲ, ಅದು ಇನ್ನೂ ಸಾಲ.

ಹದಿನಾಲ್ಕು ಮುಗಿದ ಮೇಲೆ ಅವರ ಸುತ್ತೋಲೆ ಶುರುವಾಯಿತು.
ಮೇಜಿನ ಮುಂದೆ ಸಾಲು. ಒಬ್ಬೊಬ್ಬರೂ ಬಗ್ಗಿ ನನ್ನ ಕಿವಿಗೆ:
"ಶೇಂಗಾ ತಿಂದ್ರ ಇವನ ತುಟಿ ಬಾಯ್ತಾವ್ರಿ, ಚಿಕ್ಕಿ ಕೊಡಬ್ಯಾಡ್ರಿ."
"ಇಕಿಗೆ ಬಲಗಿವಿ ಮಂದ, ಮಗ್ಗದ ಬಾಜೂಕ ಮಲಗಿ ಮಲಗಿ."
"ಮಾಬುಬಿಗೆ ಬಿಸಲಾಗ ಮೂಗಿನಾಗ ರಕ್ತ ಬರ್ತೈತಿ, ಅಂಜಬ್ಯಾಡ್ರಿ ನೀವು."
ಅಂಜಬೇಡಿ ಎಂದು ಇಲಾಖೆ ನನಗೆ ಎಂದೂ ಬರೆದಿಲ್ಲ.

ಕೊನೆಗೆ ಬಂದವಳು ಮಲ್ಲಸಮುದ್ರದ ಕಡೆಯವಳು, ಓಣಿಗೆ ಹೊಸಬಳು,
ಸೆರಗಿನ ಮರೆಯಲ್ಲಿ ಒಂದನೇ ಇಯತ್ತೆಯ ಹುಡುಗ.
ಮಗ್ಗದ ಸದ್ದಿಗೆ ತಕ್ಕ ಹಾಗೆ ದನಿ ಏರಿಸಿ
"ಇವರಪ್ಪ ಕರಿಯಾಕ ಬಂದ್ರ..." ಅನ್ನುವಷ್ಟರಲ್ಲಿ
ಕರೆಂಟು ಹೋಯಿತು.

ಇಡೀ ಓಣಿಯ ಮಗ್ಗ ಒಮ್ಮೆಲೇ ನಿಂತವು.
"...ಕಳಸಬ್ಯಾಡ್ರಿ" ಅನ್ನುವುದು
ನಿಚ್ಚಳವಾಗಿ ಎಲ್ಲರಿಗೂ ಕೇಳಿತು.

ಯಾರೂ ತಿರುಗಿ ನೋಡಲಿಲ್ಲ.
ತುಳಜಾಬಾಯಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.
ಫಕೀರಪ್ಪ ಡೆಸ್ಕನ್ನು ಕರಕರ ಎಳೆದು ನೆಟ್ಟಗಿಟ್ಟ,
ಅದು ನೆಟ್ಟಗೇ ಇತ್ತು.
ಅಡುಗೆಮನೆಯಲ್ಲಿ ಶಿವಗಂಗವ್ವ
ಬೆಳಿಗ್ಗೆಯೇ ತಿಕ್ಕಿ ಬೋರಲು ಹಾಕಿದ ಪಾತ್ರೆಗಳನ್ನೆಲ್ಲ
ಮತ್ತೆ ಧಡಬಡ ತಿಕ್ಕತೊಡಗಿದಳು.
ಆ ಗದ್ದಲದ ಒಳಗೆ ಅವಳು
ಉಳಿದದ್ದನ್ನೂ ಹೇಳಿ ಮುಗಿಸಿದಳು.

ಅಂಚಿನಲ್ಲಿ ಬರೆದುಕೊಂಡೆ: ಹದಿನೈದು.