ಲಾಭ, ಎರಡು, ಮೂರು

ಕಾಸರಗೋಡಿನ ರಿಕಾರ್ಡು ಕಚೇರಿಯ ಹಿಂದಿನ ಕೋಣೆಯಲ್ಲಿ
ರಾತ್ರಿ ಒಂಬತ್ತೂವರೆಗೆ ಒಂದು ದೀಪ ಹಳದಿಯಾಯಿತು.
ಮಧೂರಿನ ಕೊನೆಯ ಬಸ್ಸು ಆಗಲೇ ಹೋಗಿತ್ತು.

ಬಾಗಿಲಲ್ಲಿ ಟಾರ್ಚು ಹಿಡಿದ ವಾಚ್‌ಮನ್ ಕುಂಞಂಬು:
"ಚತ್ತು ಪೋಯೋ, ಮೇಡಂ?"
ಇಲ್ಲ ಮಾರಾಯರೆ,
ಆರು ಡಿಸ್ಕಿನಲ್ಲಿ ಒಂದು ಮಾತು ನಿಲ್ಲಿಸಿದೆ ಅಷ್ಟೆ.
ಪರದೆ ಇದಕ್ಕೆ "ಡಿಗ್ರೇಡೆಡ್" ಅನ್ನುತ್ತದೆ.
ಸತ್ತದ್ದಲ್ಲ, ನೆಟ್ಟಗಿರುವುದೂ ಅಲ್ಲ,
ಜ್ವರದವನು ಪೇಟೆಗೆ ಹೋಗಿ ಸಾಮಾನು ತಂದ ಹಾಗೆ.

ಇನ್ನೊಂದು ಹೋದರೆ ಮಾತ್ರ ಎಲ್ಲ ಹೋಯಿತು.
ಮೂಲಗೇಣಿ, ಚಾಲಗೇಣಿ, ಕುಮ್ಕಿಯ ತಗಾದೆ,
ಗೆದ್ದಲು ತಿಂದ ಅಂಚಿನ ಕನ್ನಡ ದಸ್ತಾವೇಜು,
ಮೂರು ವರ್ಷ ಕೂತು ಸ್ಕ್ಯಾನು ಮಾಡಿದ್ದು.
ಅದನ್ನು ಓದಲು ಈ ಕಟ್ಟಡದಲ್ಲಿ ನಾನಿದ್ದೇನೆ,
ಪಿಂಚಣಿಗೆ ಎರಡು ತಿಂಗಳಿರುವ ಸಂಕಪ್ಪ ಪಾಟಾಳಿ ಇದ್ದಾರೆ.
ಟೇಪಿನ ಪ್ರತಿ ತಿರುವನಂತಪುರದಲ್ಲಿದೆಯಂತೆ.
ಕಂಡವರಿಲ್ಲ.

"ಹೋದದ್ದು ಹೇಗೆ ತಿರುಗಿ ಬರುತ್ತದೆ?"
ಕುಂಞಂಬು ಸ್ಟೂಲು ಎಳೆದು ಕೂತರು.
ಚಕ್ಕುಬಂದಿ ಗೊತ್ತಲ್ಲ, ಅಂದೆ.
ನಿಮ್ಮ ಪತ್ರ ಹುಳ ತಿಂದರೂ
ಮೂಡಲ ಮನೆಯವನ ಪತ್ರದಲ್ಲಿ
"ಪಡುವಕ್ಕೆ ಕುಂಞಂಬುವಿನ ಗದ್ದೆ" ಎಂದಿರುತ್ತದೆ.
ತೆಂಕಲವನು, ಬಡಗಲವನು,
ತಮ್ಮ ತಮ್ಮ ಅಂಚು ಹೇಳುತ್ತಾ ಹೇಳುತ್ತಾ
ನಡುವೆ ನಿಮ್ಮ ಗದ್ದೆಯನ್ನು ಬರೆದಿಟ್ಟಿರುತ್ತಾರೆ.
ಹಾಗೆಯೇ ಇದು.
"ನನಗೆ ಗದ್ದೆ ಇಲ್ಲ," ಅಂದರು ಕುಂಞಂಬು.

ಮೌಸಿಲ್ಲ, ಚಿತ್ರವಿಲ್ಲ.
ಒರೆಸಿದ ಸ್ಲೇಟಿನಂಥ ಪರದೆ, ಮಿಣುಕುವ ಒಂದು ಗೀಟು.
ಇಲ್ಲಿ ಕೇಳಿದ್ದಕ್ಕಷ್ಟೇ ಉತ್ತರ.
ತಪ್ಪು ಕೇಳಿದರೂ ಉತ್ತರ,
"ನಿಜವಾಗಿಯೂ?" ಎಂದು ಯಾರೂ ತಡೆಯುವುದಿಲ್ಲ.
ಸ್ಥಿತಿ ಕೇಳಿದೆ. ಸಾಲು ಸಾಲಾಗಿ ಹೇಳಿತು,
ಕೊನೆಗೆ: ಮೂರನೆಯ ಗೂಡು, ಫೇಲ್.

ಮೂರು ಎಂದು ಚೀಟಿ ಅಂಟಿಸಿದ ಗೂಡಿಗೆ ಕೈ ಹಾಕಿದೆ.
ಕೊಂಡಿ ಅರ್ಧ ಎತ್ತಿದ್ದೆ.

ಆಗ ನೆನಪಾದವನು ಐತಪ್ಪ ಬೆಳ್ಚಾಡ,
ಕುಂಬಳೆಯ ಅಕ್ಕಿ ಮಿಲ್ಲಿನಲ್ಲಿ ಕಳಸೆ ಅಳೆಯುತ್ತಿದ್ದವನು.
ಒಂದು ಎನ್ನುತ್ತಿರಲಿಲ್ಲ ಅವನು.
ಲಾಭ, ಎರಡು, ಮೂರು.
ಬೆವರಿಗೆ ಅಂಟಿದ ತೌಡು, ರಾಗವಾಗಿ, ಲಾಭ, ಎರಡು, ಮೂರು.
ಚಿಕ್ಕವಳಾಗಿ ನಾನು ಪಕ್ಕದಲ್ಲಿ ನಿಂತು
ಲಾಭವನ್ನು ಲೆಕ್ಕಕ್ಕೇ ಹಿಡಿಯದೆ
ಪ್ರತಿ ಸಲ ಒಂದು ಕಳಸೆ ಕಳೆದುಕೊಳ್ಳುತ್ತಿದ್ದೆ.
"ಎಲ್ಲಿಂದ ಸುರು ಅಂತ ಮೊದಲು ಕೇಳು ಮಗೂ,
ಎಷ್ಟು ಅಂತ ಆಮೇಲೆ ಕೇಳು."

ಕೈ ಅಲ್ಲೇ ನಿಂತಿತು.
ಯಂತ್ರ ಎಣಿಸುವುದು ಸೊನ್ನೆಯಿಂದ.
ಚೀಟಿ ಬರೆದ ಮನುಷ್ಯ ಎಣಿಸಿದ್ದು ಒಂದರಿಂದ.
ನನ್ನ ಬೆರಳ ಕೆಳಗೆ ಗುಂಯ್‌ಗುಡುತ್ತಿದ್ದದ್ದು
ಜೀವವಿರುವ ಡಿಸ್ಕು.

ಕೊಂಡಿಯನ್ನು ಮೆಲ್ಲಗೆ ಮುಚ್ಚಿದೆ, ಮಗು ಮಲಗಿದ ಕೋಣೆಯ ಬಾಗಿಲಿನಂತೆ.
ಕೀಲಿಮಣೆಗೆ ಮರಳಿ ಬರೆದೆ:
ಎಲ್ಲಿದ್ದೀ, ದೀಪ ಮಿಣುಕಿಸು.
ಚೀಟಿ ನಾಲ್ಕರ ಗೂಡು ಮಿಣುಕಿತು.
ಕುಂಞಂಬು ನನ್ನ ಮುಖ ನೋಡಿ ಟಾರ್ಚು ಆರಿಸಿದರು.
ಏನೂ ಕೇಳಲಿಲ್ಲ.

ಹಳೆಯದನ್ನು ಎಳೆದೆ, ಹೊಸದನ್ನು ತಳ್ಳಿದೆ, ಎಂಟರ್ ಒತ್ತಿದೆ.
ಶೇಕಡಾ ಸೊನ್ನೆ. ಸೊನ್ನೆ. ಒಂದು.
ಹನ್ನೊಂದೂಕಾಲಕ್ಕೆ ಕರೆಂಟು ಹೋಯಿತು,
ಯುಪಿಎಸ್ಸು ಕೋಳಿಮರಿಯ ಹಾಗೆ ಕೂಗಿತು.
ನಲವತ್ತೊಂದು.
ಫ್ಲಾಸ್ಕಿನ ಕಟ್ಟನ್ ಚಾಯ ಹಂಚಿಕೊಂಡೆವು.
ಕರೆಂಟು ಬಂತು. ಐವತ್ತೆಂಟು.

ಚೀಟಿಗಳನ್ನು ಉಗುರಿನಿಂದ ಕೆರೆದು
ಮಾರ್ಕರಿನಲ್ಲಿ ಸೊನ್ನೆಯಿಂದ ಬರೆದೆ.
"ಮೊದಲನೆಯವನನ್ನೇ ಇಲ್ಲ ಅಂತ ಬರೆದಿರಲ್ಲ,"
ಅಂದರು ಕುಂಞಂಬು.

ನಸುಕಿಗೆ ಐದೂ ಹತ್ತಕ್ಕೆ ದೀಪ ಹಸಿರಾಯಿತು.
ಒಂದು ಕಡತ ತೆರೆದು ನೋಡಿದೆ:
ವಕ್ರವಾದ ಕೈಬರಹ, ನೀಲಿ ಮೊಹರು,
ತೆಂಕಲು ತೋಡು, ಬಡಗಲು ಕಾಲುದಾರಿ.
ದಾರಿ ಅಲ್ಲೇ ಇತ್ತು.

ಸತ್ತ ಡಿಸ್ಕನ್ನು ಅಂಗೈಯಲ್ಲಿ ತೂಗಿ ಕುಂಞಂಬು ಕೇಳಿದರು:
"ಇದರೊಳಗೆ ಕಾಂತ ಉಂಟಂತೆ, ಜೋರಿನದ್ದು.
ಬಾವಿಗೆ ಬಿದ್ದ ಬಕೆಟು ಎತ್ತಲಿಕ್ಕೆ ಆಗಬಹುದಾ?"
ಕೊಡುವ ಹಾಗಿಲ್ಲ ಮಾರಾಯರೆ,
ರಿಜಿಸ್ಟರಿನಲ್ಲಿ ಬರೆದು ಎರ್ನಾಕುಳಕ್ಕೆ ಕಳಿಸಬೇಕು.

ಪೆನ್ನು ತೆಗೆದೆ.
ಗೂಡು ಸಂಖ್ಯೆ ಎಂಬ ಕಾಲಮಿನ ಮುಂದೆ
ಸ್ವಲ್ಪ ಹೊತ್ತು ಕೂತೆ.