ಆರಿಸುವುದು

ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ, ಹೂವಿನವರ ಸಾಲು ಮುಗಿದಲ್ಲಿ,
ಆರಡಿ ಉದ್ದ ನಾಲ್ಕಡಿ ಅಗಲ ನಮ್ಮ ಅಂಗಡಿ.
ಮೂವರು ಗಿರಾಕಿ ನಿಂತರೆ ನಾಲ್ಕನೆಯವಳು ರಸ್ತೆಗೆ.
ಹದಿನೇಳು ವರ್ಷದಿಂದ ಇಲ್ಲಿ ಕೂತು
ಯಾರೂ ಜೋರಾಗಿ ಕೇಳದ ಸಾಮಾನು ಮಾರುತ್ತೇನೆ.

ಗಂಡಸಾದರೆ ಬೆರಳಲ್ಲಿ ತೋರಿಸುತ್ತಾನೆ.
ಹೆಂಗಸು ಕಣ್ಣಲ್ಲಿ.
"ಒಳಗಿನದು ಬೇಕಿತ್ತು" ಅಂದರೆ
ಮೊದಮೊದಲು ತಿರುಗಿ ಅಂಗಡಿಯ ಒಳಗೆ ನೋಡುತ್ತಿದ್ದೆ.

ಸೊಲ್ಲಾಪುರದ ಮಗ್ಗದ ಮನೆಯವಳು ನಾನು.
ಅಪ್ಪ ನೂಲನ್ನು ತುಟಿಗೆ ತಾಗಿಸಿ
ಇದು ಮಳೆ ಕಂಡ ಹತ್ತಿ, ಇದು ಕಾಣದ್ದು, ಅನ್ನುತ್ತಿದ್ದ.
ಸುಳ್ಳೋ ನಿಜವೋ,
ತುಟಿಯ ಚಾಳಿ ಮಾತ್ರ ನನಗೂ ಬಂತು.

ಮೇ ತಿಂಗಳಲ್ಲಿ ಬಾ, ಹೇಳಿಕೊಡುತ್ತೇನೆ.
ಗಾಳಿಯನ್ನೇ ಹಿಂಡಿದರೆ ಆಗ ಒಂದು ಲೋಟ ನೀರು.
ಬಟ್ಟೆಯನ್ನು ಬಾಯಿಗೆ ಹಿಡಿದು ಊದು:
ಉಸಿರು ಆಚೆಯ ಅಂಗೈಗೆ ಮುಟ್ಟಿದರೆ ತಗೋ.
ಒಂದು ಹನಿ ಬಿಡು:
ಹತ್ತಿ ಕುಡಿದುಬಿಡುತ್ತದೆ, ಬಿಸಿಲಲ್ಲಿ ಬಂದ ನೆಂಟನ ಹಾಗೆ.
ನೈಲಾನು ಅದನ್ನು ಕೆಸುವಿನೆಲೆಯಂತೆ ಹೊತ್ತು ನಿಲ್ಲುತ್ತದೆ,
ತನಗೇನೂ ಸಂಬಂಧವಿಲ್ಲ ಅಂತ.
ಸಂಬಂಧ ಇರುವುದು ನಿನ್ನ ತೊಡೆಗೆ,
ಸಂಜೆ ಆರೂ ನಲವತ್ತರ ಲೋಕಲ್ಲಿಗೆ.
ಇನ್ನೂ ಅನುಮಾನವೇ? ಒಂದು ಎಳೆ ಸುಡು.
ಹತ್ತಿ ಬೂದಿಯಾಗುತ್ತದೆ.
ಪಾಲಿಸ್ಟರು ಕರಗಿ, ಮುದುಡಿ, ಕರಿಮಣಿಯಷ್ಟು ಗಟ್ಟಿ.

ದೋಸೆ ಹುಯ್ಯುವ ಕುಂದಾಪುರದ ಹುಡುಗ, ಶೀನ,
ಕಾವಲಿಯ ಮುಂದೆ ದಿನಕ್ಕೆ ಹತ್ತು ತಾಸು.
ಕನ್ನಡ ಕೇಳಿದ್ದೇ ಧೈರ್ಯ ಬಂದು "ಉರಿ, ಅಕ್ಕಾ" ಅಂದ.
ಪಟ್ಟಾಪಟ್ಟಿ ಲಾಡಿ ಚಡ್ಡಿ ತೆಗೆದಿಟ್ಟೆ.
"ಅಯ್ಯೋ, ಅಜ್ಜಂದಿರದ್ದು!"
ಅಜ್ಜಂದಿರಿಗೆ ಗಾಳಿ ಗೊತ್ತಿತ್ತು, ನಡಿ.
ಎರಡು ತಗೊಂಡ, ಕಪ್ಪು ಚೀಲದಲ್ಲಿ,
ಅದರ ಮೇಲೆ ಇನ್ನೊಂದು ಚೀಲ.

ಮದುವೆಗೆ ಲೇಸೇ ಬೇಕೆಂದವಳಿಗೆ ಲೇಸೇ ಕೊಟ್ಟೆ,
ಒಳಗೆ ಅಂಗೈಯಗಲ ಹತ್ತಿಯ ತುಂಡು ಇದ್ದದ್ದು ಹುಡುಕಿ.

ಆಮೇಲೆ ಮಂದಾಕಿನಿ ಶಿಂಧೆ.
ಮೇಲ್ಸೇತುವೆ ಕೆಳಗೆ ಸೀಟಿ ಊದುವವಳು, ಖಾಕಿ ಪ್ಯಾಂಟು.
ಹೆಣೆದದ್ದು ಬೇಡ, ನೇಯ್ದದ್ದು ತಗೋ,
ಸೊಂಟಕ್ಕೆ ಅಗಲ ಪಟ್ಟಿ, ಒಂದಳತೆ ದೊಡ್ಡದು, ಅಂದಿದ್ದೆ.
ಮೇನಲ್ಲಿ ಬಂದು ಕೈ ಹಿಡಿದಳು:
"ಇಡೀ ದಿನ ಅದರ ನೆನಪೇ ಆಗಲಿಲ್ಲ, ತಾಯೀ."
ಜುಲೈಯಲ್ಲಿ ಮತ್ತೆ ಬಂದಳು, ತುರಿಕೆ.
ನಾನು ಬಟ್ಟೆಯನ್ನು ಬೆಳಕಿಗೆ ಹಿಡಿದೆ, ತುಟಿಗೂ.
ಬಟ್ಟೆಯ ತಪ್ಪಿಲ್ಲ.
ಎಲ್ಲಿ ಒಣಗಿಸುತ್ತೀ?

ಮನೆಯೊಳಗೇ. ಗಂಡನ ಟವೆಲಿನ ಅಡಿಗೆ.
ಟವೆಲಿನ ಮೇಲೆ ಸೀರೆ.
ಅತ್ತೆ, ಮೈದುನ, ಎದುರಿನ ಚಾಳು.
ಮೂರು ದಿನಕ್ಕೂ ಹಸಿ; ಹಸಿಯನ್ನೇ ಹಾಕಿಕೊಂಡು ಡ್ಯೂಟಿಗೆ.

ನಮ್ಮ ಮಾತಿನಲ್ಲಿ ಆರಿಸುವುದು ಎಂದರೆ ಎರಡು:
ಹತ್ತರಲ್ಲಿ ಒಂದನ್ನು ಎತ್ತಿಕೊಳ್ಳುವುದು,
ಒದ್ದೆಯನ್ನು ಗಾಳಿಗೆ ಕೊಡುವುದು.
ಹದಿನೇಳು ವರ್ಷ ನಾನು ಕಲಿಸಿದ್ದು ಅರ್ಧ.
ಅವಳಿಗೆ ಹೇಳಹೋದರೆ ಮರಾಠಿಯಲ್ಲಿ
ನಿವಡ್ಣೆ ಬೇರೆ, ವಾಳವ್ಣೆ ಬೇರೆ;
ಹೊಲಿಗೆ ಬಿಚ್ಚಿ ಎರಡು ತುಂಡಾಯಿತು.
ಸುಮ್ಮನೆ, ರಾತ್ರಿ ಫ್ಯಾನಿಗೆ ಆರುವ
ತೆಳ್ಳನೆಯ ಎರಡು ಮೋಡಲ್ ಕಟ್ಟಿಕೊಟ್ಟೆ.
ಒಂದು ಡಜನ್ ಕ್ಲಿಪ್ಪು. ದುಡ್ಡು ಬೇಡ ಅಂದೆ.

ಕಲ್ಯಾಣಕ್ಕೆ ಮುಟ್ಟಿದಾಗ ಒಂಬತ್ತೂವರೆ.
ಪಡಸಾಲೆಯ ತಂತಿ. ನನ್ನ ಲಂಗ.
ಲಂಗದ ಅಡಿಯಲ್ಲಿ, ಕದ್ದ ಮಾಲಿನ ಹಾಗೆ,
ನನ್ನವು. ಮುಟ್ಟಿದೆ: ತಣ್ಣಗೆ, ಹಸಿ.

ಲಂಗವನ್ನು ಪಕ್ಕಕ್ಕೆ ಸರಿಸಿದೆ.
ಒಂದೊಂದಕ್ಕೆ ಎರಡೆರಡು ಕ್ಲಿಪ್ಪು.

ಎದುರು ಮನೆ ಗೋದೂಬಾಯಿ ಅಕ್ಕಿ ಆರಿಸುತ್ತಿದ್ದವಳು
ತಲೆ ಎತ್ತಿದಳು. ನೋಡಿದಳು. ನೋಡಲಿ.
ನೇಯ್ದ ಹತ್ತಿ, ನೂರಿಪ್ಪತ್ತು ರೂಪಾಯಿ ಜೋಡಿ.
ಬೇಕಿದ್ದರೆ ನಾಳೆ ತಂದುಕೊಡುತ್ತೇನೆ.